ಕ್ಯಾಶುವಾಲಿಟಿ ಬಾಗಿಲಲ್ಲಿ ನಮ್ಮ ಗುಂಪು

ನಮ್ಮ ಕಡೆ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಆಂಬುಲೆನ್ಸ್ ಹಿಂದೆ ನಾಲ್ಕು ಕಾರು ಹೊರಡುತ್ತವೆ. ಕುಂಬಳೆ ಇರಲಿ, ಉಪ್ಪಳ ಇರಲಿ, ಮಂಜೇಶ್ವರ ಇರಲಿ, ಎಲ್ಲವೂ ಮಂಗಳೂರಿನ ಯಾವುದಾದರೊಂದು ಆಸ್ಪತ್ರೆಯ ಬಾಗಿಲಿಗೆ. ಇದಕ್ಕೆ ನಾವು ಒಗ್ಗಟ್ಟು ಎಂದು ಹೆಸರಿಟ್ಟಿದ್ದೇವೆ. ಮನೆಯಂಗಳದವರೆಗೆ ಅದು ಒಗ್ಗಟ್ಟೇ. ಕ್ಯಾಶುವಾಲಿಟಿಯ ಒಳಗೆ ನುಗ್ಗಿದ ಮೇಲೆ ಅದು ರೋಗಿಗೆ ಮಾಡುವ ಅನ್ಯಾಯ. ಕೆಲವರಿಗೆ ಕೋಪ ಬರಬಹುದು, ಬರಲಿ.

ಮೊದಲು ಒಂದು ವಿಷಯ ತಿಳಿದುಕೊಳ್ಳೋಣ. ನನ್ನ ಉಪ್ಪನ ಅಂಗಡಿಯಲ್ಲಿ ಮೊದಲು ಬಂದವನಿಗೆ ಮೊದಲು ಸಾಮಾನು. ಕ್ಯಾಶುವಾಲಿಟಿಯಲ್ಲಿ ಆ ಲೆಕ್ಕ ಇಲ್ಲ. ಅಲ್ಲಿ ನರ್ಸ್ ನಾಡಿ, ಬಿಪಿ, ಉಸಿರಾಟ, ಆಕ್ಸಿಜನ್, ಪ್ರಜ್ಞೆ ನೋಡಿ, ಯಾರ ಜೀವಕ್ಕೆ ಹೆಚ್ಚು ಅಪಾಯವೋ ಅವರನ್ನು ಮೊದಲು ಒಳಗೆ ಕಳಿಸುತ್ತಾರೆ. ಇದಕ್ಕೆ ಟ್ರಯಾಜ್ ಅನ್ನುತ್ತಾರೆ. ಹಲವು ಕಡೆ ಕೆಂಪು, ಹಳದಿ, ಹಸಿರು ಎಂದು ಬಣ್ಣ ಕೊಡುತ್ತಾರೆ. ಕೈಮೂಳೆ ಮುರಿದವನು ಒಂದು ಗಂಟೆ ಕಾಯುತ್ತಿರುವಾಗ ಈಗಷ್ಟೇ ಬಂದವನನ್ನು ಓಡಿಸಿಕೊಂಡು ಒಳಗೆ ಒಯ್ದರೆ ಅದು ಭೇದಭಾವ ಅಲ್ಲ. ನಿಮ್ಮನ್ನು ಕಾಯಿಸಿದ್ದಾರೆ ಎಂದರೆ ನಿಮಗಿಂತ ಕಷ್ಟದಲ್ಲಿರುವವರು ಒಳಗಿದ್ದಾರೆ ಎಂದು ಅರ್ಥ.

ಎರಡನೆಯ ದೂರು: "ಇಸಿಜಿ ಸರಿ ಇದೆ ಅಂತಾರೆ, ಆದರೂ ಬಿಡುವುದಿಲ್ಲ, ಬಿಲ್ ಏರಿಸಲಿಕ್ಕೆ." ಎದೆನೋವಿನವರಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು ಎಂಬುದು ನಿಯಮ. ಆದರೆ ಮೊದಲ ಇಸಿಜಿ ಸರಿ ಇದ್ದ ಮಾತ್ರಕ್ಕೆ ಹೃದಯಾಘಾತ ಇಲ್ಲ ಎನ್ನಲಾಗದು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಟ್ರೋಪೊನಿನ್ ಏರುತ್ತದೆ, ಅದು ಏರಲು ಸಮಯ ಬೇಕು. ಅದಕ್ಕೇ ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ. ಆ ಕಾಯುವಿಕೆಯೇ ಪರೀಕ್ಷೆ. ನಾವು ಅಲ್ಲಿ ಜಗಳ ತೆಗೆದು, ಸಹಿ ಹಾಕಿ, ರೋಗಿಯನ್ನು ಮನೆಗೆ ಕರೆದುಕೊಂಡು ಬರುತ್ತೇವೆ!

ಪಾರ್ಶ್ವವಾಯು ಇನ್ನೂ ಗಡಿಬಿಡಿಯ ವಿಷಯ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು, ಏಕೆಂದರೆ ಮೆದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯಬಹುದು. ಡಾಕ್ಟರು ಕೇಳುವ ಮೊದಲ ಪ್ರಶ್ನೆ: "ಕೊನೆಯ ಸಲ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ?" ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಕಂಡವರು ಮನೆಯಲ್ಲಿದ್ದ ಉಮ್ಮ. ಅವರನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತೇವೆ. ಅಷ್ಟರಲ್ಲಿ ಯಾರೋ ಒಬ್ಬರು ಪ್ರೀತಿಯಿಂದ ರೋಗಿಯ ಬಾಯಿಗೆ ನೀರು ಬಿಡುತ್ತಾರೆ. ಗಂಟಲಿನ ಶಕ್ತಿ ಹೋದವರಿಗೆ ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

ಇನ್ನು ಫೋನು. ಒಬ್ಬ ಲೀಡರಿಗೆ, ಲೀಡರು ಆಸ್ಪತ್ರೆಯ ಮ್ಯಾನೇಜರಿಗೆ, ಮ್ಯಾನೇಜರು ಡ್ಯೂಟಿ ಡಾಕ್ಟರಿಗೆ. ನಮ್ಮವರ ಜ್ವರಕ್ಕಾಗಿ ಆ ಡಾಕ್ಟರು ಫೋನ್ ಹಿಡಿದು ನಿಂತ ಎರಡು ನಿಮಿಷ ಪಕ್ಕದ ಸ್ಟ್ರೆಚರಿನಲ್ಲಿ ಉಸಿರಿಗೆ ಒದ್ದಾಡುವವನ ಎರಡು ನಿಮಿಷ. ಅವನಿಗೂ ಉಮ್ಮ ಇದ್ದಾಳೆ, ಲೀಡರ್ ಇಲ್ಲ ಅಷ್ಟೆ.

"ರೋಗಿಯನ್ನು ನೋಡಲು ಹೋಗುವುದು ಸುನ್ನತ್ ಅಲ್ಲವಾ?" ಎಂದು ಕೇಳುತ್ತಾರೆ. ಹೌದು. ಹೋದವರು ಹೆಚ್ಚು ಹೊತ್ತು ಕೂರಬಾರದು, ರೋಗಿಗೆ ಹೊರೆಯಾಗಬಾರದು ಎಂಬುದೂ ಅದೇ ಅದಬಿನ ಭಾಗ. ವಾರ್ಡಿಗೆ ಬಂದ ಮೇಲೆ ಹೋಗಿ, ಐದು ನಿಮಿಷ ಇದ್ದು ದುಆ ಮಾಡಿ ಬನ್ನಿ. "ಜನ ಇಲ್ಲದಿದ್ದರೆ ರಕ್ತ ಯಾರು ಕೊಡುತ್ತಾರೆ, ದುಡ್ಡು ಯಾರು ಹೊಂದಿಸುತ್ತಾರೆ?" ಇದೂ ಸರಿಯಾದ ಪ್ರಶ್ನೆ. ರಕ್ತ ಕೊಡುವವರು ಬ್ಲಡ್ ಬ್ಯಾಂಕಿನ ಹತ್ತಿರ ಇರಲಿ, ದುಡ್ಡು ನೋಡುವವರು ಕೌಂಟರಿನ ಹತ್ತಿರ ಇರಲಿ. ಸ್ಟ್ರೆಚರಿನ ಸುತ್ತ ಇವರಿಬ್ಬರಿಗೂ ಕೆಲಸವಿಲ್ಲ.

ಆಸ್ಪತ್ರೆಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಒಳಗೆ ಏನಾಗುತ್ತಿದೆ ಎಂದು ಎರಡು ಗಂಟೆ ಯಾರೂ ಹೇಳದಿದ್ದರೆ ಜನ ಬಾಗಿಲು ತಳ್ಳುತ್ತಾರೆ. ಬ್ಯಾರಿ ಬಿಟ್ಟು ಬೇರೆ ಭಾಷೆ ಬಾರದ ಹೆಂಗಸಿಗೆ ಇಂಗ್ಲಿಷಿನ ಕಾಗದ ಕೊಟ್ಟು ಸಹಿ ಹಾಕಿಸುವುದು ಅನ್ಯಾಯ. ಅಪಘಾತದ ಗಾಯಾಳುವಿಗೆ ಪೊಲೀಸ್ ಕಾಗದಕ್ಕೆ ಕಾಯದೆ ಚಿಕಿತ್ಸೆ ಕೊಡಬೇಕು, ಸರ್ಕಾರಿ ಡಾಕ್ಟರಾದರೂ ಖಾಸಗಿಯವರಾದರೂ ಸರಿ, ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಂತೆ, ಗಾಯಾಳುವನ್ನು ತಂದ ದಾರಿಹೋಕನನ್ನು ಹೆಸರು ಹೇಳು ಎಂದು ಒತ್ತಾಯಿಸುವಂತಿಲ್ಲ. ಇದನ್ನು ಕೇಳುವ ಹಕ್ಕು ನಮಗಿದೆ. ಆದರೆ ಹಕ್ಕು ಕೇಳಲು ವಿಷಯ ಗೊತ್ತಿರುವ ಒಬ್ಬ ಸಾಕು. ಹದಿನಾಲ್ಕು ಜನ ಕೂಗಿದರೆ ಸೆಕ್ಯೂರಿಟಿಯವನು ಬರುತ್ತಾನೆ, ಡಾಕ್ಟರು ಬರುವುದಿಲ್ಲ.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು, ತಲಪಾಡಿಯಲ್ಲಿ ಆಂಬುಲೆನ್ಸ್ ತಡೆದರು. ಮಂಗಳೂರು ತಲುಪಲಾಗದೆ ನಮ್ಮ ಜಿಲ್ಲೆಯ ಹಲವರು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ದಾರಿ ಮುಚ್ಚಿದರೆ ಏನಾಗುತ್ತದೆ ಎಂದು ನೋಡಿದ ನಾವೇ ಇಂದು ಕ್ಯಾಶುವಾಲಿಟಿಯ ಬಾಗಿಲಿಗೆ ಅಡ್ಡ ನಿಲ್ಲುವುದು ಸರಿಯೇ?

ಪ್ರತಿ ಮನೆಯವರು ಇವತ್ತೇ ನಿರ್ಧರಿಸಲಿ. ರೋಗಿಯ ಜೊತೆ ಒಳಗೆ ಒಬ್ಬರು. ಅವರು ರೋಗ ಶುರುವಾದ ಹೊತ್ತನ್ನು ಕಂಡವರೇ ಆಗಿರಲಿ. ಕೈಯಲ್ಲಿ ಹಳೆಯ ಚೀಟಿಗಳು, ದಿನಾ ತಿನ್ನುವ ಮಾತ್ರೆಗಳು, ಅದರಲ್ಲೂ ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಅದು. ಮೊದಲು ತೋರಿಸಿದ ಆಸ್ಪತ್ರೆಯ ರೆಫರ್ ಪತ್ರ. ಕೇರಳದ ಕಾರ್ಡು ಗಡಿಯಾಚೆ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಆರೋಗ್ಯವಾಗಿರುವಾಗಲೇ ಕೇಳಿಟ್ಟುಕೊಳ್ಳಿ. ಗಲ್ಫಿನಲ್ಲಿರುವ ಮಕ್ಕಳಿಗೆ ಹೊರಗಿರುವ ಇನ್ನೊಬ್ಬರು ಗಂಟೆಗೊಂದು ವಾಯ್ಸ್ ಹಾಕಲಿ, ಒಳಗಿರುವವರ ಫೋನಿಗೆ ಯಾರೂ ಕರೆ ಮಾಡಬೇಡಿ. ಉಳಿದ ಮೂರು ಕಾರು ಮನೆಯಲ್ಲೇ ಇರಲಿ.