ಉಣ್ಣಲು ಕಲಿಯಬೇಕಾದ ಮಗು



ಉಸಿರಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ, ಹಾಗೆಯೇ ಉಣ್ಣುವುದನ್ನೂ ಕಲಿಸಬೇಕಾಗಿಲ್ಲ ಎಂಬುದು ಸಾಮಾನ್ಯರ ತಿಳಿವಳಿಕೆ. ಮೂವತ್ತು ವರ್ಷಗಳಿಗೂ ಮೀರಿ ವೈದ್ಯವೃತ್ತಿ ನಡೆಸಿದ ಮೇಲೂ ನಾವು ಹೀಗೆಯೇ ತಿಳಿದಿದ್ದೆವು. ಆ ತಿಳಿವಳಿಕೆಯನ್ನು ತಿದ್ದಿದವಳು ಒಬ್ಬ ಪುಟ್ಟ ಬಾಲಕಿ. ಅವಳ ವೃತ್ತಾಂತವನ್ನು ತಂದೆತಾಯಿಗಳ ಒಪ್ಪಿಗೆ ಪಡೆದು, ಹೆಸರು ಊರುಗಳನ್ನು ಬಿಟ್ಟು ಇಲ್ಲಿ ನಿವೇದಿಸುತ್ತಿದ್ದೇವೆ. ಅದರಲ್ಲಿ ನಮ್ಮದೊಂದು ತಪ್ಪೂ ಸೇರಿದೆ. ಅದನ್ನು ಮರೆಮಾಚುವುದು ಸಲ್ಲದು.

ಕೆಲವು ವರ್ಷಗಳ ಹಿಂದೆ, ಜಾತ್ರೆಯ ನಿಮಿತ್ತ ನಡೆದ ಆರೋಗ್ಯ ತಪಾಸಣಾ ಶಿಬಿರಕ್ಕೆ ಅಜ್ಜಿಯೊಬ್ಬರು ಮೊಮ್ಮಗಳನ್ನು ಎತ್ತಿಕೊಂಡು ಬಂದರು. ಮಗುವಿಗೆ ಎರಡು ವರ್ಷ ತುಂಬಿತ್ತು. ತೂಕ ಏಳು ಕಿಲೋ ಕೂಡ ಇರಲಿಲ್ಲ. ಅಗಲವಾದ ಹಣೆ, ಚೂಪಾದ ಗದ್ದ, ಬಹಳ ಚುರುಕಾದ ಕಣ್ಣು. ಹೊಟ್ಟೆಯ ಮೇಲೆ ಶಸ್ತ್ರಕ್ರಿಯೆಯಿಂದ ಅಳವಡಿಸಿದ ಒಂದು ಸಣ್ಣ ನಳಿಕೆ. “ಡಾಕ್ಟ್ರ, ಹುಟ್ಟಿದಾಗಿಂದ ಈ ಕೂಸು ಬಾಯಾಗ ಒಂದು ಅಗಳು ಇಟ್ಟಿಲ್ಲರಿ. ಚಮಚ ಕಂಡ್ರ ಸಾಕು, ಮಾರಿ ತಿರುವ್ತೈತಿ” ಎಂದರು ಅಜ್ಜಿ. ತಾಯಿ ಮಾತನಾಡಲಿಲ್ಲ. ಅವರ ಕೈಚೀಲದಲ್ಲಿ ಸಿರಿಂಜು, ಹಾಲಿನ ಪುಡಿಯ ಡಬ್ಬಿ ಮತ್ತು ದಪ್ಪನೆಯ ಒಂದು ಫೈಲು ಇದ್ದವು.

ಆ ಫೈಲಿನಲ್ಲಿ ಬರೆದಿದ್ದ ರೋಗದ ಹೆಸರು ಸಿಲ್ವರ್-ರಸೆಲ್ ಸಿಂಡ್ರೋಮ್. ಅಮೆರಿಕದ ವೈದ್ಯ ಹೆನ್ರಿ ಸಿಲ್ವರ್ 1953ರಲ್ಲಿಯೂ ಇಂಗ್ಲೆಂಡಿನ ಅಲೆಕ್ಸಾಂಡರ್ ರಸೆಲ್ 1954ರಲ್ಲಿಯೂ ವಿವರಿಸಿದ ಬೆಳವಣಿಗೆಯ ನ್ಯೂನತೆ ಇದು. ಈ ಮಕ್ಕಳ ಬೆಳವಣಿಗೆ ಗರ್ಭದಲ್ಲಿಯೇ ಕುಂಠಿತವಾಗಿರುತ್ತದೆ. ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು. ಕೆಲವರಲ್ಲಿ ದೇಹದ ಒಂದು ಪಾರ್ಶ್ವ ಇನ್ನೊಂದಕ್ಕಿಂತ ಚಿಕ್ಕದು. ಅನೇಕರಲ್ಲಿ ಹನ್ನೊಂದನೆಯ ವರ್ಣತಂತುವಿನಲ್ಲಿ ಬೆಳವಣಿಗೆಯನ್ನು ನಿಯಂತ್ರಿಸುವ ವ್ಯವಸ್ಥೆ ಏರುಪೇರಾಗಿರುತ್ತದೆ. ಕೆಲವರಲ್ಲಿ ಏಳನೆಯ ವರ್ಣತಂತುವಿನ ಎರಡೂ ಪ್ರತಿಗಳು ತಾಯಿಯಿಂದಲೇ ಬಂದಿರುತ್ತವೆ. ಬಹುಪಾಲು ಮಕ್ಕಳಲ್ಲಿ ಇದು ವಂಶದಿಂದ ಹರಿದುಬಂದುದಲ್ಲ. ಬಸುರಿಯಿದ್ದಾಗ ತಾಯಿ ಗ್ರಹಣ ನೋಡಿದಳು, ಯಾರದೋ ದೃಷ್ಟಿ ತಗಲಿತು ಎಂಬ ಮಾತುಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಈ ಮಕ್ಕಳಿಗೆ ಹಸಿವು ಬಲು ಕಡಿಮೆ. ಒಳಗೆ ಹೋದದ್ದು ಮೇಲೇರಿ ಬರುವುದು ಹೆಚ್ಚು. ಇವೆಲ್ಲಕ್ಕಿಂತ ಮುಖ್ಯವಾದುದು, ಹೆಚ್ಚು ಹೊತ್ತು ಆಹಾರವಿಲ್ಲದಿದ್ದರೆ ಇವರ ರಕ್ತದಲ್ಲಿನ ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ.

ಈ ಕೊನೆಯ ಅಂಶವನ್ನು ನಾವು ಅಂದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಗ್ನಿಮಾಂದ್ಯವೆಂದು ನಿರ್ಣಯಿಸಿ ದೀಪನ ಔಷಧವೊಂದನ್ನು ಕೊಟ್ಟೆವು. ರಾತ್ರಿ ನಳಿಕೆಯಲ್ಲಿ ಕೊಡುವ ಹಾಲನ್ನು ಅರ್ಧ ಮಾಡಿದರೆ ಬೆಳಿಗ್ಗೆ ತಾನಾಗಿಯೇ ಹಸಿವಾದೀತು ಎಂದೂ ಹೇಳಿದೆವು. ಎರಡನೆಯ ದಿನ ನಸುಕಿನಲ್ಲಿ ಮಗು ಬೆವರಿ, ಕೈಕಾಲು ತಣ್ಣಗಾಗಿ, ಕರೆದರೆ ಓಗೊಡದೆ ಬಿದ್ದಿತ್ತು. ತಾಯಿ ಧೈರ್ಯಗೆಡದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಗ್ಲೂಕೋಸ್ ಕೊಟ್ಟ ಮೇಲೆ ಮಗು ಚೇತರಿಸಿಕೊಂಡಿತು. ನಾವು ಆಸ್ಪತ್ರೆಗೆ ಹೋಗಿ ಆ ತಾಯಿಯ ಕ್ಷಮೆ ಕೇಳಿದೆವು. ಮಗುವಿಗೆ ಮೊದಲಿನಿಂದ ಚಿಕಿತ್ಸೆ ನೀಡುತ್ತಿದ್ದ ಮಕ್ಕಳ ತಜ್ಞರ ಬಳಿಗೂ ಅವರೊಡನೆ ಹೋಗಿ, ಮುಂದಿನ ದಾರಿಯನ್ನು ವಿದ್ಯಾರ್ಥಿಯಂತೆ ಕುಳಿತು ಕೇಳಿದೆವು. ಅಲ್ಲಿ ಕಲಿತದ್ದನ್ನು ಓದುಗರಲ್ಲಿ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಹುಟ್ಟಿದ ಮಗುವಿಗೆ ಚೀಪುವುದು ಸಹಜ ಪ್ರತಿಕ್ರಿಯೆ. ಕೆನ್ನೆಗೆ ಬೆರಳು ತಾಗಿದರೆ ಅದು ಬಾಯಿ ತಿರುಗಿಸುತ್ತದೆ. ಆದರೆ ಈ ಸಹಜ ಪ್ರತಿಕ್ರಿಯೆಗಳು ಕೆಲವೇ ತಿಂಗಳುಗಳಲ್ಲಿ ಮಾಸಿಹೋಗುತ್ತವೆ. ಆಮೇಲಿನದೆಲ್ಲವೂ ಕಲಿಕೆ: ನಾಲಗೆ ಹೊರಳಿಸುವುದು, ತುತ್ತನ್ನು ಹಲ್ಲಿನ ಕಡೆಗೆ ಸರಿಸುವುದು, ಅಗಿಯುವುದು, ಉಸಿರಿನೊಡನೆ ಹೊಂದಿಸಿ ನುಂಗುವುದು. ನಮ್ಮ ಪ್ರಾಚೀನರು ಇದನ್ನು ಅರಿತಿದ್ದರೆಂದು ತೋರುತ್ತದೆ. ಸುಶ್ರುತರು ಆರನೆಯ ತಿಂಗಳಲ್ಲಿ ಲಘುವೂ ಹಿತವೂ ಆದ ಅನ್ನವನ್ನು ಹೇಳಿದ್ದಾರೆ. ಕಾಶ್ಯಪ ಸಂಹಿತೆಯು ಮೊದಲು ಹಣ್ಣು, ಕೆಲವು ತಿಂಗಳುಗಳ ಬಳಿಕ ಅನ್ನ ಎಂದು ಹಂತಗಳನ್ನು ಮಾಡಿದೆ. ಹಂತವಿದೆಯೆಂದರೆ ಅಲ್ಲಿ ಕಲಿಕೆಯಿದೆ ಎಂದೇ ಅರ್ಥ.

ನಳಿಕೆಯ ಮಗುವಿಗೆ ಈ ಹಂತಗಳೆಲ್ಲ ತಪ್ಪಿಹೋಗಿರುತ್ತವೆ. ಹಾಲು ಹೊತ್ತುಹೊತ್ತಿಗೆ ನೇರವಾಗಿ ಜಠರಕ್ಕೆ ಇಳಿಯುವುದರಿಂದ, ಹಸಿವೆಂದರೇನು, ಬಾಯಿಂದ ಉಂಡರೆ ಆ ಹಸಿವು ತಣಿಯುತ್ತದೆ ಎಂಬುದು ಅದರ ಅನುಭವಕ್ಕೆ ಬಂದಿರುವುದಿಲ್ಲ. ಅದರ ಬಾಯಿಗೆ ಗೊತ್ತಿರುವುದೆಂದರೆ ವಾಂತಿ, ಮೂಗಿನಲ್ಲಿ ತೂರಿಸಿದ ಪೈಪು, ಕೆನ್ನೆಗೆ ಅಂಟಿಸಿ ಕಿತ್ತ ಪಟ್ಟಿ ಮತ್ತು ಬಲವಂತದ ಚಮಚ. ಇಂತಹ ಮಗು ಮುಖ ತಿರುಗಿಸಿದರೆ ಅದನ್ನು ಹಟವೆಂದು ಕರೆಯುವುದು ಅನ್ಯಾಯ. ಅದು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ.

ಆದ್ದರಿಂದ ಮೊದಲ ಕೆಲಸ ತಿನ್ನಿಸುವುದಲ್ಲ, ಭಯವನ್ನು ಕಳೆಯುವುದು. ಆಸ್ಟ್ರಿಯಾ ದೇಶದ ಗ್ರಾಜ್ ನಗರದ ವೈದ್ಯರು ನಳಿಕೆಯ ಮಕ್ಕಳನ್ನು ನೆಲದ ಮೇಲೆ ಕೂರಿಸಿ, ನಡುವೆ ಬಗೆಬಗೆಯ ಆಹಾರವನ್ನಿಟ್ಟು, ಯಾರೂ ತಿನ್ನಿಸದೆ ಮುಟ್ಟಿ ಚೆಲ್ಲಿ ಆಡಲು ಬಿಡುವ ಪದ್ಧತಿಯೊಂದನ್ನು ರೂಢಿಸಿದ್ದಾರೆ. ಇದನ್ನು ಕೇಳಿದಾಗ ನಮಗೆ ನೆನಪಾದದ್ದು ನಮ್ಮ ಮನೆಗಳ ನೆಲದ ಮೇಲಿನ ಪಂಕ್ತಿಯೂಟ. ಆ ಮನೆಯವರಿಗೆ ನಾವು ಹೇಳಿದ್ದಿಷ್ಟೇ: ಎಲ್ಲರೂ ಉಣ್ಣುವಾಗ ಮಗುವೂ ಜೊತೆಯಲ್ಲಿ ಕುಳಿತಿರಲಿ, ಅದರ ಮುಂದೆಯೂ ಒಂದು ಪುಟ್ಟ ತಟ್ಟೆ ಇರಲಿ, ನಳಿಕೆಯ ಹಾಲನ್ನು ಅದೇ ಹೊತ್ತಿಗೆ ಕೊಡಿ, “ತಿನ್ನು” ಎಂಬ ಮಾತನ್ನು ಯಾರೂ ಆಡಬೇಡಿ.

ಮೊದಲ ಎರಡು ತಿಂಗಳು ಮಗು ಅನ್ನವನ್ನು ನೆಲಕ್ಕೆ ಬಳಿಯಿತು. ಅಜ್ಜಿಗೆ ಸಂಕಟವಾಯಿತು; ಅನ್ನ ಚೆಲ್ಲುವುದನ್ನು ಕಂಡು ಸುಮ್ಮನಿರುವುದು ಆ ತಲೆಮಾರಿಗೆ ಸುಲಭವಲ್ಲ. ಒಂದು ದಿನ ಮಗು ಅಜ್ಜಿಯ ತಟ್ಟೆಯ ಮಜ್ಜಿಗೆಯಲ್ಲಿ ಬೆರಳದ್ದಿ ನೆಕ್ಕಿತು. ಮೊದಲೇ ಹೇಳಿಟ್ಟಿದ್ದಂತೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಊಟ ಮುಂದುವರಿಸಿದರು. ಮುಂದೆ ರಾಗಿ ಗಂಜಿ, ಕಿವುಚಿದ ಬಾಳೆಹಣ್ಣು, ಹೆಸರುಬೇಳೆಯ ಕಟ್ಟು, ಮೆದುವಾಗಿ ಬೇಯಿಸಿದ ನುಚ್ಚು ಒಂದೊಂದಾಗಿ ಬಂದವು.

ಬಾಯಿ ಒಂದಿಷ್ಟು ಒಗ್ಗಿದ ಮೇಲೆಯೇ ಹಸಿವಿನ ವಿಚಾರ. ನಳಿಕೆಯ ಆಹಾರವನ್ನು ಕಡಿಮೆ ಮಾಡದೆ ಹಸಿವು ಹುಟ್ಟದು ಎಂಬ ನಮ್ಮ ಮೊದಲ ತರ್ಕ ಸುಳ್ಳಾಗಿರಲಿಲ್ಲ. ಅದನ್ನು ಯಾವಾಗ, ಎಷ್ಟು, ಯಾರ ಕಣ್ಗಾವಲಿನಲ್ಲಿ ಮಾಡಬೇಕೆಂಬುದನ್ನು ಅರಿಯದೆ ಹೇಳಿದ್ದು ತಪ್ಪು. ಈ ಸಲ ಮಕ್ಕಳ ತಜ್ಞರೇ ಪ್ರಮಾಣ ನಿಗದಿ ಮಾಡಿದರು. ಹಗಲಿನ ಹಾಲನ್ನು ಸ್ವಲ್ಪಸ್ವಲ್ಪವಾಗಿ ಇಳಿಸಿ, ರಾತ್ರಿಯದನ್ನು ಕೊನೆಯವರೆಗೂ ಉಳಿಸಿಕೊಂಡರು. ಮನೆಯಲ್ಲಿಯೇ ರಕ್ತದ ಸಕ್ಕರೆ ನೋಡಲು ತಾಯಿಗೆ ಕಲಿಸಿದರು. ವಾರಕ್ಕೊಮ್ಮೆ ತೂಕ ಬರೆದಿಡಲು ಹೇಳಿದರು. ನೆಗಡಿ ಜ್ವರ ಬಂದಾಗ ಮತ್ತೆ ಪೂರ್ಣ ನಳಿಕೆಯ ಆಹಾರ. ಹೀಗೆ ಒಂದೂವರೆ ವರ್ಷ ಸಾಗಿತು.

ಇನ್ನು ಮಾಡಬಾರದ ಕೆಲಸಗಳು. ಮೂಗು ಹಿಡಿದು, ಕೈಕಾಲು ಅದುಮಿ ಬಾಯಿಗೆ ಸುರಿಯುವುದನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕಾಣುತ್ತೇವೆ. ಆಹಾರವು ಶ್ವಾಸನಾಳಕ್ಕೆ ಇಳಿದು ಪ್ರಾಣಕ್ಕೇ ಎರವಾದೀತು. ಉಣ್ಣುವಾಗ ಕೆಮ್ಮು, ಗಂಟಲಲ್ಲಿ ಗೊರಗೊರ ಸದ್ದು, ಪದೇ ಪದೇ ನ್ಯುಮೋನಿಯಾ ಇದ್ದರೆ ನುಂಗುವ ಶಕ್ತಿಯ ಪರೀಕ್ಷೆಯಾಗದೆ ಬಾಯಿಗೆ ಏನನ್ನೂ ಕೊಡಕೂಡದು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಬೇಡ. ಶೇಂಗಾ, ಪುಟಾಣಿಯಂತಹ ಗಟ್ಟಿ ಕಾಳುಗಳು ಈ ಮಕ್ಕಳಿಗೆ ಬೇಡವೇ ಬೇಡ. ನಳಿಕೆಯಲ್ಲಿ ಚೂರ್ಣ, ಲೇಹ್ಯ ಹಾಕಿದರೆ ಅದು ಕಟ್ಟಿಕೊಳ್ಳುತ್ತದೆ. ಮಗು ಸೊರಗಿದೆಯೆಂದು ಬರೆ ಹಾಕಿಸುವುದಂತೂ ಕ್ರೌರ್ಯ, ಅದು ಚಿಕಿತ್ಸೆಯಲ್ಲ. ದೀಪನ ಪಾಚನ ಔಷಧಗಳಿಗೆ ಅವುಗಳದೇ ಸ್ಥಾನವಿದೆ, ಆದರೆ ಕಲಿಯದ ವಿದ್ಯೆಯನ್ನು ಯಾವ ಔಷಧವೂ ಕಲಿಸಲಾರದು. ಇದನ್ನು ನಮ್ಮ ಆಯುರ್ವೇದ ಬಾಂಧವರಿಗೂ ವಿನಯದಿಂದ ಹೇಳುತ್ತೇವೆ.

ಮಗು ದುಂಡಗಾಗಬೇಕೆಂಬ ಆಸೆಯೂ ಇಲ್ಲಿ ಶತ್ರುವೇ. ಸಿಲ್ವರ್-ರಸೆಲ್ ಮಕ್ಕಳ ಬಗ್ಗೆ ನಾನಾ ದೇಶಗಳ ತಜ್ಞರು ಸೇರಿ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ಇವರ ತೂಕವನ್ನು ಅವಸರದಿಂದ ಏರಿಸುವುದು ಹಿತವಲ್ಲವೆಂದು ಎಚ್ಚರಿಸುತ್ತದೆ. ಮುಂದೆ ಮಧುಮೇಹದಂತಹ ತೊಂದರೆಗೆ ಅದು ದಾರಿಯಾದೀತು. ತೆಳ್ಳಗಿರುವುದು ಇವರ ಪ್ರಕೃತಿ. ಅದನ್ನರಿಯದೆ ನಳಿಕೆಯಲ್ಲಿ ತುಂಬುತ್ತಲೇ ಹೋದರೆ, ಇರುವ ಅಲ್ಪ ಹಸಿವೂ ನಂದಿಹೋಗುತ್ತದೆ.

ನಳಿಕೆಯನ್ನು ನಾವು ನಿಂದಿಸುತ್ತಿಲ್ಲ. ಅದಿಲ್ಲದಿದ್ದರೆ ಆ ಮಗು ಉಳಿಯುತ್ತಿರಲಿಲ್ಲ. ಕೆಲವು ಮಕ್ಕಳಿಗೆ ಅದು ಜೀವನಪೂರ್ತಿ ಬೇಕಾದೀತು. ಅದರಲ್ಲಿ ಯಾವ ಅವಮಾನವೂ ಇಲ್ಲ. ನಮ್ಮ ಆಗ್ರಹವಿಷ್ಟೇ: ನಳಿಕೆ ಹಾಕುವ ದಿನವೇ ಅದನ್ನು ತೆಗೆಯುವ ದಾರಿಯ ಮಾತೂ ಆಗಬೇಕು. ಆ ತಾಯಿಗೆ ಸಿರಿಂಜು ತೊಳೆಯುವುದನ್ನು ಕಲಿಸಿದ್ದರು, ಹಾಲು ಅಳೆಯುವುದನ್ನು ಕಲಿಸಿದ್ದರು. ಮಗುವಿನ ಬಾಯಿಯ ಅಭ್ಯಾಸ ತಪ್ಪದಂತೆ ನೋಡಿಕೊಳ್ಳುವುದನ್ನು ಯಾರೂ ಹೇಳಿರಲಿಲ್ಲ. ಹಾಲು ಕೊಡುವಾಗ ತುಟಿಗೆ ಒಂದು ಹನಿ ಸವರುವುದು, ಚೀಪಲು ಏನನ್ನಾದರೂ ಕೊಡುವುದು ಎಷ್ಟು ಸಣ್ಣ ಕೆಲಸ! ಅದು ತಪ್ಪಿದ್ದರಿಂದ ಎರಡು ವರ್ಷ ಹೋಯಿತು.

ಇಂತಹ ಮಗುವಿರುವ ಕುಟುಂಬದವರು ಏಕಾಂಗಿಯಾಗಿ ನವೆಯಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಗೆ ವ್ಯವಸ್ಥೆಯಿದೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಬಹುದು. ನುಂಗುವ ತೊಂದರೆಯನ್ನು ನೋಡುವವರು ವಾಕ್ ಚಿಕಿತ್ಸಕರು ಎಂಬುದು ಬಹಳ ಜನರಿಗೆ ತಿಳಿಯದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಅಂತಹ ತಜ್ಞರನ್ನು ತರಬೇತುಗೊಳಿಸುವ ಸಂಸ್ಥೆ.

ಆ ಬಾಲಕಿ ಈಗ ಶಾಲೆಗೆ ಹೋಗುತ್ತಿದ್ದಾಳೆ. ಪೂರ್ತಿಯಾಗಿ ಬಾಯಿಂದ ಉಣ್ಣತೊಡಗಿದ ಮೇಲೂ ಕೆಲವು ತಿಂಗಳು ನಳಿಕೆಯನ್ನು ಉಳಿಸಿಕೊಂಡು, ಒಂದು ಮಳೆಗಾಲ ಕಳೆದ ಬಳಿಕವೇ ತೆಗೆದರು. ಅವಳು ಗೆಳತಿಯರ ಭುಜದ ಎತ್ತರಕ್ಕೂ ಬರುವುದಿಲ್ಲ. ಉಣ್ಣುವುದು ಇಂದಿಗೂ ನಿಧಾನ. ಕಳೆದ ಜಾತ್ರೆಯಲ್ಲಿ ದಾಸೋಹದ ಪಂಕ್ತಿಯಲ್ಲಿ ಅವಳನ್ನು ಕಂಡೆವು. ಹುಗ್ಗಿಯಲ್ಲಿ ಅರ್ಧವನ್ನು ಮುಗಿಸಿ ಕೈ ತಡೆದು ಕುಳಿತಿದ್ದಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಏನವ್ವಾ, ಪ್ರಸಾದ ಬಿಡಬಾರದು, ಹೀಂಗ ಉಂಡ್ರ ನೀ ಬೆಳೆಯೂದು ಯಾವಾಗ?” ಎಂದು ಸೌಟಿಗೆ ಕೈ ಚಾಚಿದರು. ತಾಯಿ ಮೆಲ್ಲಗೆ ತಡೆದು, ಉಳಿದದ್ದನ್ನು ತಮ್ಮ ಎಲೆಗೆ ಬಡಿಸಿಕೊಂಡರು.

ಆ ಹಿರಿಯರ ಮನಸ್ಸಿನಲ್ಲಿ ಪ್ರೀತಿಯೇ ಇತ್ತು. ಅಂದು ರಾತ್ರಿಯ ಹಾಲನ್ನು ಅರ್ಧ ಮಾಡಿಸಿದ ನಮ್ಮ ಮನಸ್ಸಿನಲ್ಲಿಯೂ ಪ್ರೀತಿಯೇ ಇತ್ತು. ಪ್ರೀತಿಯೊಂದೇ ಸಾಲದು. ಇಂತಹ ಮಗುವನ್ನು ಕಂಡಾಗ ಭಕ್ತಾದಿಗಳು ತಾಯಿಯನ್ನು ಪ್ರಶ್ನಿಸದೆ, ಮಗುವಿಗೆ ಒತ್ತಾಯಿಸದೆ, ಪಕ್ಕದಲ್ಲಿ ಕುಳಿತು ತಮ್ಮ ಪ್ರಸಾದವನ್ನು ನೆಮ್ಮದಿಯಿಂದ ಸ್ವೀಕರಿಸಲಿ. ಆ ಮಗು ನೋಡುತ್ತಿರುತ್ತದೆ. ನೋಡಿಯೇ ಅದು ಕಲಿಯುವುದು.