ವೃಂದಗಾನಕ್ಕೂ ಒಂದು ತಿರುಗಾಟ ಬೇಕು

ಹೊರನಾಡಿನ ಕನ್ನಡ ಸಂಘಗಳಲ್ಲಿ ವೃಂದಗಾನಕ್ಕೆ ಇರುವುದು ಒಂದೇ ತಿಂಗಳು, ಅದು ನವೆಂಬರ್. ಅಕ್ಟೋಬರಿನ ಎರಡನೆಯ ವಾರದಲ್ಲಿ ಹತ್ತು ಹನ್ನೆರಡು ಮಂದಿಗೆ ಕರೆ ಹೋಗುತ್ತದೆ. ನಾಲ್ಕು ಭಾನುವಾರ ಅಭ್ಯಾಸ ನಡೆಯುತ್ತದೆ. ಹಿಂದಿನ ವರ್ಷ ಹಾಡಿದ ಆರು ಗೀತೆಗಳಲ್ಲಿ ನಾಲ್ಕನ್ನು ಉಳಿಸಿಕೊಂಡು, ಎರಡನ್ನು ಬದಲಿಸಿ, ರಾಜ್ಯೋತ್ಸವದ ದಿನ ವೇದಿಕೆ ಏರಿ ಇಳಿದರೆ ಆ ವರ್ಷದ ಗಾಯನ ಮುಗಿದಂತೆ. ಡಿಸೆಂಬರಿನಲ್ಲಿ ಆ ಹನ್ನೆರಡು ಮಂದಿ ಮತ್ತೆ ಹನ್ನೆರಡು ಬೇರೆ ಬೇರೆ ಉಪನಗರಗಳ ನಿವಾಸಿಗಳು. ಮುಂಬಯಿಯಲ್ಲಿ ಮೂರು ದಶಕಗಳಿಂದ ಇದನ್ನು ನೋಡುತ್ತ ಬಂದಿರುವ ನನಗೆ, ನಮ್ಮ ವೃಂದಗಾನಕ್ಕೆ ಅಂಟಿರುವುದು ಕಂಠದ ಬಡತನವಲ್ಲ, ಪಂಚಾಂಗದ ಬಡತನ ಎಂಬುದು ದಿನದಿನಕ್ಕೆ ಸ್ಪಷ್ಟವಾಗುತ್ತಿದೆ.

ವರ್ಷದಲ್ಲಿ ಒಂದು ದಿನಕ್ಕಾಗಿ ಕೂಡುವ ತಂಡ ತನಗೆ ಮೊದಲೇ ಗೊತ್ತಿರುವುದನ್ನು ಮಾತ್ರ ಹಾಡಬಲ್ಲದು. ಹೊಸ ಕೃತಿಯೊಂದನ್ನು ಬರೆಸಲು ಒಂದು ವರ್ಷ ಬೇಕು, ಕಲಿಯಲು ಅರ್ಧ ವರ್ಷ ಬೇಕು, ಅದು ಕೇಳುಗರ ಕಿವಿಯಲ್ಲಿ ನೆಲೆಯಾಗಲು ಹತ್ತು ಕಡೆ ಹಾಡಬೇಕು. ಆದ್ದರಿಂದ ಮುಂದಿನ ಮೂರು ವರ್ಷಗಳ ಯೋಜನೆ ಎಂಬುದು ಗುಮಾಸ್ತಿಕೆಯ ಕೆಲಸ ಎಂದು ತಿಳಿಯುವುದು ತಪ್ಪು. ಗಾಯನತಂಡವೊಂದು ಏನನ್ನು ಹಾಡುತ್ತದೆ ಎಂಬ ಕಲಾನಿರ್ಧಾರವೇ ಅಲ್ಲಿ ಆಗುತ್ತದೆ.

ಹಂಗಾಮು ಕಟ್ಟಿ ಕಲೆ ನಡೆಸುವುದು ನಮಗೆ ಹೊಸತೇ? ಕರಾವಳಿಯ ಯಕ್ಷಗಾನ ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟಕ್ಕೆ ಹೊರಟು, ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಕಲಾವಿದರಿಗೆ ಆ ಆರು ತಿಂಗಳ ಸಂಬಳ ಮೊದಲೇ ಗೊತ್ತುಮಾಡಿರುತ್ತದೆ. ಕಟೀಲು, ಮಂದಾರ್ತಿಯ ಮೇಳಗಳಿಂದ ಹರಕೆಯ ಆಟ ಆಡಿಸಲು ವರ್ಷಗಟ್ಟಲೆ ಕಾಯುವ ಭಕ್ತರಿದ್ದಾರೆ. ಮಳೆಗಾಲದಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ನಮ್ಮ ಮುಂಬಯಿಗೇ ಬರುತ್ತಾರೆ. ವೃತ್ತಿ ನಾಟಕ ಕಂಪನಿಗಳ ಲೆಕ್ಕಾಚಾರವೂ ಇಂಥದೇ. ಬಾದಾಮಿಯ ಬನಶಂಕರಿ ಜಾತ್ರೆಗೆ ಇಂದಿಗೂ ಹಲವು ಕಂಪನಿಗಳು ಮೊಕ್ಕಾಂ ಹೂಡುತ್ತವೆ. ಯಾವ ಜಾತ್ರೆಗೆ ಯಾವ ನಾಟಕ ಎಂಬುದನ್ನು ಮಾಲೀಕರು ಮುಂಚೆಯೇ ತೂಗಿ ನೋಡಿರುತ್ತಾರೆ. ಆಟಕ್ಕೆ, ನಾಟಕಕ್ಕೆ ಹಂಗಾಮು ಕೊಟ್ಟ ಕನ್ನಡಿಗರು ವೃಂದಗಾನಕ್ಕೆ ಮಾತ್ರ ಅದನ್ನು ಕೊಡಲಿಲ್ಲ. ಅದನ್ನು ಸಭೆಯ ಪ್ರಾರ್ಥನೆಗೂ ಮುಖ್ಯ ಅತಿಥಿಗಳ ಭಾಷಣಕ್ಕೂ ನಡುವಿನ ತೆರಪು ತುಂಬುವ ಸಾಧನವಾಗಿ ಇಟ್ಟುಕೊಂಡರು.

ಸಾಮೂಹಿಕ ಗಾಯನದ ಬಗ್ಗೆ ಇತ್ತೀಚೆಗೆ ಕನ್ನಡದಲ್ಲಿ ನಡೆದ ದೊಡ್ಡ ಚರ್ಚೆ ಯಾವುದು ಎಂದು ನೆನಪಿಸಿಕೊಂಡರೆ ಈ ಮಾತು ಇನ್ನಷ್ಟು ಮನವರಿಕೆಯಾದೀತು. ಕುವೆಂಪು ಅವರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡು ನಿಮಿಷ ಮೂವತ್ತು ಸೆಕೆಂಡುಗಳಲ್ಲಿ ಹಾಡಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಒಂದು ಗೀತೆಯನ್ನು ಎಷ್ಟು ಹೊತ್ತು ಹಾಡಬೇಕೆಂದು ವಾದಿಸಲು ನಮಗೆ ಪುರುಸೊತ್ತಿತ್ತು. ವರ್ಷದ ಉಳಿದ ಹೊತ್ತಿನಲ್ಲಿ ಒಟ್ಟಾಗಿ ಏನು ಹಾಡಬೇಕೆಂದು ಯಾರೂ ಕೇಳಲಿಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ಅವರು ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನಸಾಗರ ಕನ್ನಡ ಗೀತೆಗಿರುವ ಹಸಿವನ್ನು ತೋರಿಸಿಕೊಟ್ಟಿತು. ಆದರೆ ಒಂದು ದಿನದ ಹಬ್ಬದಿಂದ ನಿತ್ಯದ ಊಟ ನಡೆಯುವುದಿಲ್ಲ.

ಕಂಠವೊಂದನ್ನೇ ನಂಬಿ ಬದುಕುವ ತಂಡಗಳು ತಮ್ಮ ವರ್ಷಗಳನ್ನು ಹೇಗೆ ಕಟ್ಟಿಕೊಳ್ಳುತ್ತವೆ ಎಂಬುದಕ್ಕೆ ಹೊರದೇಶಗಳ ಮೂರು ನಿದರ್ಶನಗಳನ್ನು ನೋಡಬಹುದು.

ಸ್ಯಾನ್ ಫ್ರಾನ್ಸಿಸ್ಕೊ ನಗರದ ‘ಚಾಂಟಿಕ್ಲಿಯರ್’ 1978ರಲ್ಲಿ ಲೂಯಿ ಬೋಟೋ ಎಂಬ ಗಾಯಕರು ಸ್ಥಾಪಿಸಿದ ತಂಡ. ಹನ್ನೆರಡು ಮಂದಿಯ ಈ ವೃಂದಕ್ಕೆ ಡಿಸೆಂಬರ್ ತಿಂಗಳೆಂದರೆ ಸುಗ್ಗಿ. ಕ್ರಿಸ್‌ಮಸ್ ಗಾಯನ ಕೇಳಲು ಚರ್ಚುಗಳು ತುಂಬುತ್ತವೆ. ಆದರೆ ಅವರು ಡಿಸೆಂಬರಿಗಾಗಿ ಮಾತ್ರ ಬದುಕುವುದಿಲ್ಲ. ಆ ತಿಂಗಳು ಗಳಿಸಿಕೊಟ್ಟ ಕೇಳುಗರನ್ನು ನೆಚ್ಚಿ ಉಳಿದ ತಿಂಗಳುಗಳಲ್ಲಿ ಹಳೆಯ, ಅಪರೂಪದ ಕೃತಿಗಳನ್ನೂ ತಾವೇ ಬರೆಸಿದ ಹೊಸ ಕೃತಿಗಳನ್ನೂ ಹಾಡುತ್ತಾರೆ. ನಮ್ಮ ನವೆಂಬರ್ ಅವರ ಡಿಸೆಂಬರ್ ಆಗಬಾರದೇಕೆ?

ಎರಡನೆಯದು ಬಿಬಿಸಿ ಸಿಂಗರ್ಸ್. 1924ರಲ್ಲಿ ಹುಟ್ಟಿದ, ಇಪ್ಪತ್ತು ಮಂದಿ ಪೂರ್ಣಾವಧಿ ಗಾಯಕರ ಈ ವೃಂದವನ್ನು ಮುಚ್ಚುವುದಾಗಿ 2023ರ ಮಾರ್ಚಿನಲ್ಲಿ ಬಿಬಿಸಿ ಪ್ರಕಟಿಸಿತು. ಶತಮಾನೋತ್ಸವಕ್ಕೆ ಒಂದೇ ವರ್ಷ ಉಳಿದಿತ್ತು. ಸಂಗೀತಗಾರರು ಪ್ರತಿಭಟಿಸಿದರು, ಮನವಿಪತ್ರಕ್ಕೆ ಲಕ್ಷಕ್ಕೂ ಮಿಕ್ಕಿ ಸಹಿಗಳು ಬಂದವು, ಅದೇ ತಿಂಗಳಲ್ಲಿ ನಿರ್ಧಾರವನ್ನು ತಡೆಹಿಡಿಯಲಾಯಿತು, ತಂಡ ಉಳಿಯಿತು. ಒಂದೇ ಕಿಸೆಯನ್ನು ನಂಬಿದ ತಂಡ ಎಷ್ಟು ಹಿರಿಯದಾದರೂ ಒಂದು ಪ್ರಕಟಣೆಯ ಮುಂದೆ ನಡುಗಬೇಕಾಗುತ್ತದೆ ಎಂಬುದು ಇದರಿಂದ ನಾನು ಕಲಿತ ಪಾಠ. ಉಳಿಸಿದ್ದು ಕೇಳುಗರು, ಆ ಕೇಳುಗರು ದಶಕಗಳ ನಿರಂತರ ಗಾಯನದಿಂದ ರೂಪುಗೊಂಡವರು.

ಮೂರನೆಯದು ಅಮೆರಿಕದ ‘ರೂಮ್‌ಫುಲ್ ಆಫ್ ಟೀತ್’. ಬ್ರಾಡ್ ವೆಲ್ಸ್ 2009ರಲ್ಲಿ ಕಟ್ಟಿದ ಈ ಎಂಟು ಕಂಠಗಳ ತಂಡ ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಕಲಾ ವಸ್ತುಸಂಗ್ರಹಾಲಯದಲ್ಲಿ ಬಿಡಾರ ಹೂಡಿ, ಲೋಕದ ನಾನಾ ಜನಾಂಗಗಳ ಗಾಯನಕ್ರಮಗಳನ್ನು ಬಲ್ಲವರಿಂದ ಕಲಿಯುತ್ತ ಬಂದಿತು. ತಂಡದಲ್ಲಿ ಹಾಡುತ್ತಿದ್ದ ಕ್ಯಾರೊಲೈನ್ ಶಾ ಆ ಬಿಡಾರಗಳಲ್ಲಿಯೇ, ಕೆಲವು ವರ್ಷಗಳ ಅವಧಿಯಲ್ಲಿ, ತಮ್ಮ ಜೊತೆಗಾರರ ಕಂಠಗಳಿಗೆಂದೇ ‘ಪಾರ್ಟೀಟಾ’ ಎಂಬ ಕೃತಿಯನ್ನು ರಚಿಸಿದರು. 2013ರಲ್ಲಿ ಅದಕ್ಕೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು. ನಾಲ್ಕು ಭಾನುವಾರಗಳ ಅಭ್ಯಾಸದಲ್ಲಿ ಇಂಥದೊಂದು ಹುಟ್ಟಲಾರದು. ಇದೇ ತಂಡ ಇನ್ಯೂಟ್ ಜನರ ಕಂಠಗಾಯನವನ್ನು ಬಳಸಿಕೊಂಡ ಬಗೆಯನ್ನು ಆ ಜನಾಂಗದ ಗಾಯಕಿ ತಾನ್ಯಾ ತಗಾಕ್ ಮೊದಲಾದವರು 2019ರಲ್ಲಿ ಕಟುವಾಗಿ ಆಕ್ಷೇಪಿಸಿದರೆಂಬುದನ್ನೂ ಮರೆಯಬಾರದು. ನಾಳೆ ನಾವು ಮಂಟೇಸ್ವಾಮಿ ಪರಂಪರೆಯ ನೀಲಗಾರರಿಂದ ಕಲಿಯಹೊರಟರೆ, ಅವರನ್ನು ಗುರುಗಳೆಂದು ಕರೆದು, ಹೆಸರು ಹೇಳಿ, ಸಂಭಾವನೆ ಸಲ್ಲಿಸಿ ಕಲಿಯಬೇಕು. ಇದೂ ಯೋಜನೆಯ ಒಂದು ಭಾಗವೇ.

ಇವೆಲ್ಲ ಸಾಹೇಬರ ದೇಶದ ಮಾತು ಎನ್ನುವವರು ನಮ್ಮಲ್ಲಿಯೇ ನೋಡಬಹುದು. ಎಂ. ಬಿ. ಶ್ರೀನಿವಾಸನ್ ಕಟ್ಟಿದ ಮದ್ರಾಸ್ ಯೂತ್ ಕ್ವಾಯರ್, 1988ರಲ್ಲಿ ಅವರು ತೀರಿಕೊಂಡ ಮೇಲೂ ಭಾರತದ ಹಲವು ಭಾಷೆಗಳಲ್ಲಿ ಹಾಡುತ್ತ ಬಂದಿದೆ. ನೀಲ್ ನಾಂಗ್‌ಕಿನ್ರಿಹ್ 2001ರಲ್ಲಿ ಶಿಲ್ಲಾಂಗಿನಲ್ಲಿ ಆರಂಭಿಸಿದ ಚೇಂಬರ್ ಕ್ವಾಯರ್ ದೇಶದಾದ್ಯಂತ ಹೆಸರು ಮಾಡಿತು; 2022ರಲ್ಲಿ ನಿಧನರಾದ ಅವರು ತಮ್ಮ ಖಾಸಿ ಭಾಷೆಯಲ್ಲಿ ಆಪೆರಾ ರಚಿಸಿದ್ದರು. ಖಾಸಿಯನ್ನಾಡುವವರ ಸಂಖ್ಯೆ ಕನ್ನಡಿಗರ ಸಂಖ್ಯೆಯ ಮುಂದೆ ತೀರ ಸಣ್ಣದು. ಹಾಡಲು ತಂಡವೊಂದು ಸಿದ್ಧವಾಗಿದ್ದರೆ ಭಾಷೆಗೆ ಕೃತಿಗಳು ಒದಗುತ್ತವೆ.

ಈಗ ನನ್ನ ಸಲಹೆ. ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ, ದಿಲ್ಲಿ—ಈ ಐದು ನಗರಗಳ ಸಂಘಗಳು ಸೇರಿ, ನಾಲ್ವರು ಸ್ತ್ರೀಯರು, ನಾಲ್ವರು ಪುರುಷರು, ಒಬ್ಬ ನಿರ್ದೇಶಕರು ಇರುವ ಒಂದು ಸಂಬಳದ ವೃಂದವನ್ನು ಮೂರು ವರ್ಷಗಳ ಮಟ್ಟಿಗೆ ನಡೆಸಲಿ.

ಮೊದಲ ವರ್ಷ ದೊಡ್ಡ ಪ್ರದರ್ಶನ ಬೇಡ. ಆ ವರ್ಷ ಶ್ರುತಿಯ ಸಮಸ್ಯೆಯನ್ನು ಬಿಡಿಸಬೇಕು. ನಮ್ಮ ಪದ್ಧತಿಯಲ್ಲಿ ಪುರುಷರ ಷಡ್ಜಕ್ಕೂ ಸ್ತ್ರೀಯರ ಷಡ್ಜಕ್ಕೂ ನಾಲ್ಕೈದು ಸ್ವರಗಳ ಅಂತರವಿರುತ್ತದೆ. ಎಲ್ಲರನ್ನೂ ಒಂದೇ ಶ್ರುತಿಗೆ ಎಳೆದಾಗ ಒಂದು ಪಕ್ಷ ಕಿರುಚುತ್ತದೆ, ಇನ್ನೊಂದು ಗುನುಗುತ್ತದೆ. ರಾಜ್ಯೋತ್ಸವಗಳಲ್ಲಿ ನಾವು ಕೇಳುವುದು ಇದನ್ನೇ. ಒಬ್ಬರಿಗಾಗಿ ಕಟ್ಟಿದ ಭಾವಗೀತೆಯ ಧಾಟಿಯನ್ನು ಎಂಟು ಮಂದಿ ಒಟ್ಟಿಗೆ ಹಾಡಿದರೆ ಅದು ವೃಂದಗಾನವಾಗದು. ಎಂಟು ಕಂಠಗಳಿಗೆಂದೇ ರಾಗ ಹಂಚಿ ಬರೆಯುವವರು ಬೇಕು. ಹಕ್ಕಿನ ಕಟ್ಟಳೆಯಿಲ್ಲದ ವಚನಗಳಿಂದಲೂ ಜನಪದ ಗೀತೆಗಳಿಂದಲೂ ಆರಂಭಿಸಬಹುದು. ಬೇಂದ್ರೆಯವರ ಕೃತಿಗಳ ಹಕ್ಕು 2041ರ ಕೊನೆಯವರೆಗೆ, ಕುವೆಂಪು ಅವರದು 2054ರವರೆಗೆ ವಾರಸುದಾರರಲ್ಲಿ ಇರುತ್ತದೆ. ಅವುಗಳಿಗೆ ಹೊಸ ರಾಗಸಂಯೋಜನೆ ಮಾಡಿಸಬೇಕಾದರೆ ಅನುಮತಿಯ ಪತ್ರವ್ಯವಹಾರವನ್ನು ಆ ವರ್ಷವೇ ತೊಡಗಬೇಕು.

ಎರಡನೆಯ ವರ್ಷ ತಿರುಗಾಟ. ಲಂಡನ್ನಿನ ‘ದಿ ಸಿಕ್ಸ್‌ಟೀನ್’ ತಂಡ 2000ದಿಂದ ವರ್ಷಕ್ಕೊಂದು ಕಾರ್ಯಕ್ರಮವನ್ನು ಸಿದ್ಧಪಡಿಸಿ ಅದನ್ನೇ ಊರೂರಿನ ಕತೀಡ್ರಲುಗಳಿಗೆ ಒಯ್ಯುವ ‘ಯಾತ್ರೆ’ ನಡೆಸುತ್ತಿದೆ. ಹಾಗೆಯೇ ನಮ್ಮ ವೃಂದವೂ ಒಂದೇ ಕಾರ್ಯಕ್ರಮವನ್ನು ಐದು ನಗರಗಳಲ್ಲಿ ಎರಡೆರಡು ಸಲ ಹಾಡಲಿ. ವಸ್ತುವಿಗೆ ಕೊರತೆಯಿಲ್ಲ. ಪಂಢರಾಪುರದ ವಿಠ್ಠಲನನ್ನು ಹರಿದಾಸರೂ ಹಾಡಿದರು, ವಾರಕರಿಗಳೂ ಹಾಡಿದರು. ದಾಸರ ಪದ ಮತ್ತು ಅಭಂಗಗಳನ್ನು ಎದುರುಬದುರು ನಿಲ್ಲಿಸಿದರೆ ಮುಂಬಯಿ, ಪುಣೆಗಳಲ್ಲಿ ಮರಾಠಿ ನೆರೆಯವರೂ ಕೇಳಬಂದಾರು.

ಮೂರನೆಯ ವರ್ಷ ಒಂದು ಗಂಟೆಯ ಹೊಸ ಕೃತಿ. ಅದರ ಸಾಹಿತ್ಯ ಹೊರನಾಡಿನದೇ ಆಗಿರಲಿ ಎಂಬುದು ನನ್ನ ಆಸೆ. ಮುಂಬಯಿಯಲ್ಲಿದ್ದು ಬರೆದ ಅರವಿಂದ ನಾಡಕರ್ಣಿ, ಬಿ. ಎ. ಸನದಿ ಮೊದಲಾದವರ ಕವಿತೆಗಳು ನಮ್ಮ ವೇದಿಕೆಗಳ ಮೇಲೆ ಎಷ್ಟು ಸಲ ಕೇಳಿಬಂದಿವೆ? ಮಲೆನಾಡಿನ ಮಳೆಯನ್ನು ನಾವು ಪ್ರತಿ ನವೆಂಬರಿನಲ್ಲಿ ಹಾಡುತ್ತೇವೆ. ಲೋಕಲ್ ರೈಲಿನಲ್ಲಿ ನಿಂತೇ ಕಳೆದ ಆಯುಷ್ಯವನ್ನು ಹಾಡುವ ಗೀತೆ ನಮ್ಮಲ್ಲಿಲ್ಲ.

ಖರ್ಚಿನ ಮಾತು. ವರ್ಷಕ್ಕೆ ನಲವತ್ತು ಅಭ್ಯಾಸಗಳಿಗೆ ತಲೆಗೆ ಒಂದು ಸಾವಿರ ರೂಪಾಯಿಯಂತೆ ಎಂಟು ಮಂದಿಗೆ 3 ಲಕ್ಷ 20 ಸಾವಿರ. ಹತ್ತು ಕಚೇರಿಗಳಿಗೆ ತಲೆಗೆ ಐದು ಸಾವಿರದಂತೆ 4 ಲಕ್ಷ. ನಿರ್ದೇಶಕರಿಗೆ ತಿಂಗಳಿಗೆ ಇಪ್ಪತ್ತು ಸಾವಿರದಂತೆ 2 ಲಕ್ಷ 40 ಸಾವಿರ. ಹೊಸ ಸಂಯೋಜನೆಗೆ 1 ಲಕ್ಷ. ಪ್ರಯಾಣ, ವಸತಿ, ಧ್ವನಿವರ್ಧಕಕ್ಕೆ 3 ಲಕ್ಷ. ಒಟ್ಟು 13 ಲಕ್ಷ 60 ಸಾವಿರ. ಒಂದು ನಗರದ ಪಾಲಿಗೆ 2 ಲಕ್ಷ 72 ಸಾವಿರ. ಒಂದು ನಗರದ ಎಲ್ಲ ಕನ್ನಡ ಸಂಸ್ಥೆಗಳು ಕೈಗೂಡಿಸಿದರೆ ಇದು ಭರಿಸಲಾಗದ ಹೊರೆಯಲ್ಲ. ಐದು ಕಿಸೆಗಳಿರುವುದರಿಂದ ಒಂದು ಸಂಘದ ಕಾರ್ಯಕಾರಿ ಸಮಿತಿ ಬದಲಾದಾಗ ತಂಡ ಮುಳುಗಿಹೋಗುವ ಭಯವೂ ಇರುವುದಿಲ್ಲ.

ಹಾಡುವುದು ಸೇವೆ, ಅದಕ್ಕೆ ಕೂಲಿ ಕಟ್ಟಬಾರದು ಎಂದು ಹಿರಿಯರು ಕೆಲವರು ಹೇಳುತ್ತಾರೆ. ಅವರ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ನಾನು ಬಲ್ಲ ಒಂದು ಸಂಘದ ಉತ್ಸವದಲ್ಲಿ ಮೈಕಿನವರಿಗೆ ಮುಂಗಡ ಹೋಯಿತು, ಊಟದ ಗುತ್ತಿಗೆದಾರರಿಗೆ ಅಂದೇ ರಾತ್ರಿ ಬಾಕಿ ಚುಕ್ತಾ ಆಯಿತು, ತಬಲದವರಿಗೆ ಲಕೋಟೆ ಬಂತು. ಹಾಡಿದವರಿಗೆ ಶಾಲು, ಹಣ್ಣಿನ ಬುಟ್ಟಿ. ಸೇವೆಯೆಂಬ ಮಾತು ಗಾಯಕರಿಗೆ ಮಾತ್ರ ಅನ್ವಯಿಸುವುದಾದರೆ ಅದರಲ್ಲಿ ನ್ಯಾಯವಿಲ್ಲ. ಡೊಂಬಿವಲಿಯಿಂದ ಎರಡು ರೈಲು ಬದಲಿಸಿ ಅಭ್ಯಾಸಕ್ಕೆ ಬರುವ ಇಪ್ಪತ್ತೈದರ ಹುಡುಗಿ ಮರಾಠಿ ವಾದ್ಯವೃಂದಕ್ಕೋ ಜಾಹೀರಾತಿನ ಧ್ವನಿಮುದ್ರಣಕ್ಕೋ ಹೋದರೆ ಹಣ ಸಿಗುತ್ತದೆ. ಅವಳು ಅಲ್ಲಿಗೇ ಹೋಗುತ್ತಾಳೆ. ಅವಳ ಭಾಷಾಪ್ರೇಮವನ್ನು ಶಂಕಿಸುವ ಹಕ್ಕು ನಮಗಿಲ್ಲ.

ಇನ್ನೊಂದು ಆಕ್ಷೇಪ, ನಮ್ಮ ಮಕ್ಕಳಿಗೆ ಕನ್ನಡ ಓದಲು ಬಾರದೆಂಬುದು. ನಿಜ, ಅವರಲ್ಲಿ ಅನೇಕರು ಗೀತೆಗಳನ್ನು ದೇವನಾಗರಿಯಲ್ಲೋ ರೋಮನ್ ಲಿಪಿಯಲ್ಲೋ ಬರೆದುಕೊಂಡು ಹಾಡುತ್ತಾರೆ. ಆದರೆ ಒಮ್ಮೆ ಹಾಡಿ ಮರೆಯುವ ಗೀತೆಗಾಗಿ ಲಿಪಿ ಕಲಿಯುವವರು ಯಾರು? ಎರಡು ವರ್ಷ ಪ್ರತಿ ವಾರ ಒಂದೇ ಸಾಲುಗಳ ಉಚ್ಚಾರ, ಅರ್ಥ, ಉಸಿರು ನಿಲ್ಲುವ ಜಾಗಗಳೊಡನೆ ಬಾಳಿದವರಿಗೆ ಭಾಷೆ ತಾನಾಗಿ ಒಲಿಯುತ್ತದೆ. ಶನಿವಾರದ ಕನ್ನಡ ತರಗತಿಗಳು ಸೊರಗುತ್ತಿರುವ ಕಾಲದಲ್ಲಿ ಈ ದಾರಿಯನ್ನು ಅಲಕ್ಷಿಸುವಂತಿಲ್ಲ.

ಒಳನಾಡಿನಲ್ಲಿ ಕನ್ನಡ ಬೀದಿಯಲ್ಲಿ ಕೇಳಿಸುತ್ತದೆ. ನಮಗೆ ಅದನ್ನು ಕೇಳಿಸಿಕೊಳ್ಳಲು ಒಂದು ಜಾಗ, ಒಂದು ದಿನ, ಒಂದು ಸಮಯ ಗೊತ್ತುಮಾಡಬೇಕಾಗುತ್ತದೆ. ಹೀಗಾಗಿ ಕಾರ್ಯಕ್ರಮಪಟ್ಟಿ ಎಂಬುದು ಒಳನಾಡಿಗಿಂತ ನಮಗೇ ಹೆಚ್ಚು ಅಗತ್ಯದ ವಸ್ತು. ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಸಾಲು ಕೊಡಿ; ಬೇರೆ ನಗರಗಳ ಕಾರ್ಯದರ್ಶಿಗಳಿಗೆ ಒಂದು ಪತ್ರ ಬರೆಯಿರಿ. ಬರುವ ರಾಜ್ಯೋತ್ಸವಕ್ಕೆ ಯಾರು ಹಾಡುತ್ತಾರೆ ಎಂದು ಅಕ್ಟೋಬರಿನಲ್ಲಿ ಕೇಳುವ ಬದಲು, ಮೂರು ವರ್ಷದ ಅನಂತರ ಏನನ್ನು ಹಾಡಬೇಕು ಎಂದು ಈಗಲೇ ಕೇಳಿಕೊಳ್ಳೋಣ.