ಯಾವ ಕುರ್ಚಿ ಬಿಡಬೇಕು?

ಅರವತ್ತು ದಾಟಿದವರು ಮನೆಯಲ್ಲಿ ಕೂತರೆ ಹುಡುಗರಿಗೆ ಕೆಲಸ ಸಿಗುತ್ತದೆ ಎಂಬ ವಾದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತಿದೆ. ಕೇಳಲು ಸೊಗಸು, ಲೆಕ್ಕ ಮಾತ್ರ ತಪ್ಪು.

ಕರ್ನಾಟಕದಲ್ಲಿ ಸರ್ಕಾರಿ ನೌಕರ 60ಕ್ಕೆ ಹೇಗೂ ನಿವೃತ್ತನಾಗುತ್ತಾನೆ. ಆದರೂ ಇಲಾಖೆಗಳಲ್ಲಿ ಮಂಜೂರಾದ ಎರಡು ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಬಿದ್ದಿವೆ. ಅವುಗಳ ಮೇಲೆ ಯಾವ ಮುದುಕ ಕೂತಿದ್ದಾನೆ?

ನಿಜವಾಗಿ ದುಡಿಯುತ್ತಿರುವ ಹಿರಿಯರು ಬೇರೆಯೇ ಜನ: ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿಯಿಡೀ ಎಚ್ಚರವಿರುವ ವಾಚ್‌ಮನ್, ಕಳೆ ಕೀಳುವ ಕೂಲಿಯವಳು. ಇವರಿಗೆ ಗ್ರಾಚ್ಯುಟಿಯೂ ಇಲ್ಲ, ಬೀಳ್ಕೊಡುಗೆಯ ಶಾಲೂ ಇಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ 65 ದಾಟಿದ ಮೇಲೆ ತಿಂಗಳಿಗೆ 1,200 ರೂಪಾಯಿ. ಕೇಂದ್ರದ ವೃದ್ಧಾಪ್ಯ ವೇತನದ ಪಾಲು 80 ತುಂಬುವವರೆಗೆ ಬರೀ 200. ಇಷ್ಟರಲ್ಲಿ ಬಿಪಿ ಮಾತ್ರೆ ಕೊಳ್ಳಬೇಕೋ, ಗ್ಯಾಸ್ ಸಿಲಿಂಡರೋ?

ಇನ್ನು ಹಿರಿಯರ ಬುದ್ಧಿ ಮಂಕಾಗುತ್ತದೆ ಎಂಬ ಮಾತು. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ 1973ರಲ್ಲಿ ಕಾಲೇಜಿನಿಂದ ನಿವೃತ್ತರಾದರು. ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣ ಶುರುಮಾಡಿದ್ದು 1991ರಲ್ಲಿ. ಅಷ್ಟರಲ್ಲಿ ಅವರಿಗೆ ಎಂಬತ್ತು ಹತ್ತಿರ. ಎಲ್ಲರೂ ಅವರಂತಲ್ಲ, ಒಪ್ಪೋಣ. ಆದರೆ ಅವರು ಯಾವ ತರುಣನ ಅನ್ನವನ್ನೂ ಕಸಿಯಲಿಲ್ಲ.

ಖಾಲಿ ಹುದ್ದೆ ತುಂಬಿ, ಪಿಂಚಣಿಯನ್ನು ಬದುಕುವಷ್ಟಾದರೂ ಏರಿಸಿ ಎಂದು ಈ ವಾದ ಮಂಡಿಸುವ ಲೇಖಕರು ಸರ್ಕಾರವನ್ನು ಕೇಳಲಿ. ಸೊಪ್ಪಿನ ಅಜ್ಜಿಗೆ ಉಪದೇಶ ಬೇಡ.